ಬೆಲ್ಲದ ಊರು ಯಾವುದು?

ಪಾಲಹಳ್ಳಿಯಲ್ಲಿ 1847ರಲ್ಲಿ ಒಂದು ಸಕ್ಕರೆ ಕಾರ್ಖಾನೆ ಶುರುವಾಯಿತು. ಗ್ರೋವ್ಸ್ ಅಂಡ್ ಕಂಪನಿ ಕಟ್ಟಿದ ಆ ಕಾರ್ಖಾನೆಗೆ ಅಷ್ಟಗ್ರಾಮ ಶುಗರ್ ವರ್ಕ್ಸ್ ಎಂದು ಹೆಸರು. ಸುತ್ತಲಿನ ರೈತರು ಕಾಸಿದ ಬೆಲ್ಲವನ್ನು ಕೊಂಡು, ಶುದ್ಧ ಮಾಡಿ, ಬಿಳಿ ಸಕ್ಕರೆ ತೆಗೆಯುವುದು ಅದರ ಕಸುಬು. ಶ್ರೀರಂಗಪಟ್ಟಣದ ಪಕ್ಕದ ಈ ಹಳ್ಳಿಯ ಸಕ್ಕರೆ 1851ರ ಲಂಡನ್ ಮಹಾಪ್ರದರ್ಶನದಲ್ಲಿ ಬಹುಮಾನ ಪಡೆಯಿತು. ಮಂಡ್ಯದಲ್ಲಿ ಮೈಷುಗರ್ ಕಾರ್ಖಾನೆ ಹುಟ್ಟಿದ್ದು 1933ರಲ್ಲಿ, ಅಂದರೆ ಪಾಲಹಳ್ಳಿಯ ಕಾರ್ಖಾನೆ ಶುರುವಾದ 86 ವರ್ಷಗಳ ಮೇಲೆ.

ರಸಾಯನಶಾಸ್ತ್ರದ ಕಣ್ಣಿನಿಂದ ನೋಡಿದರೆ ಆ ಕಾರ್ಖಾನೆ ಬೆಲ್ಲದ ವಿಳಾಸ ಅಳಿಸುತ್ತಿತ್ತು. ಬೆಲ್ಲದಲ್ಲಿ ಸಕ್ಕರೆಯ ಜೊತೆಗೆ ಗದ್ದೆಯ ಪೊಟ್ಯಾಸಿಯಂ, ಮೆಗ್ನೀಸಿಯಂ, ಮ್ಯಾಂಗನೀಸ್, ಕಬ್ಬಿನ ಬಣ್ಣ, ಕೊಪ್ಪರಿಗೆಯ ಕಬ್ಬಿಣ ಎಲ್ಲವೂ ಇರುತ್ತವೆ. ಅವೆಲ್ಲ ಕಾಕಂಬಿಯ ಜೊತೆ ಹೊರಟುಹೋದರೆ ಉಳಿಯುವುದು ಬರಿಯ ಸುಕ್ರೋಸ್. ಚೆನ್ನಾಗಿ ಶುದ್ಧ ಮಾಡಿದ ಕಬ್ಬಿನ ಸಕ್ಕರೆ ಮಂಡ್ಯದಲ್ಲಾಗಲಿ ಬ್ರೆಜಿಲ್‌ನಲ್ಲಾಗಲಿ ಹೆಚ್ಚು ಕಡಿಮೆ ಒಂದೇ. ಬೆಲ್ಲ ಹಾಗಲ್ಲ, ತಾನು ಬೆಳೆದ ನೆಲದ ಕುರುಹನ್ನು ಸ್ವಲ್ಪವಾದರೂ ಉಳಿಸಿಕೊಂಡಿರುತ್ತದೆ.

ಆ ಕುರುಹನ್ನು ಓದಬಹುದೆ? ಅಂಗಡಿಯಲ್ಲಿ ‘ಮಂಡ್ಯ ಬೆಲ್ಲ’ ಎಂಬ ಚೀಟಿ ಹೊತ್ತು ಕೂತ ಅಚ್ಚು ನಿಜವಾಗಿ ಮಂಡ್ಯದ್ದೇ ಎಂದು ಪ್ರಯೋಗಾಲಯ ಹೇಳಬಲ್ಲದೆ? ಒಂದು ಮಟ್ಟಿಗೆ ಹೇಳಬಲ್ಲದು. ಆ ಮಟ್ಟ ಎಲ್ಲಿಯವರೆಗೆ, ಅಲ್ಲಿಂದಾಚೆ ಯಾಕೆ ಕಷ್ಟ ಎಂಬುದನ್ನು ನೋಡೋಣ.

ಆಲಿವ್ ಎಣ್ಣೆ ಕಲಿಸಿದ ಪಾಠ

ಆಹಾರದ ಊರು ಪತ್ತೆಹಚ್ಚುವ ವಿದ್ಯೆ ಚೆನ್ನಾಗಿ ಬೆಳೆದಿರುವ ಸರಕುಗಳಲ್ಲಿ ಆಲಿವ್ ಎಣ್ಣೆಯೂ ಒಂದು. ಕಾರಣ ದುಡ್ಡು. ಇಟಲಿಯ ಹೆಸರಿಗೆ ಮಾರುಕಟ್ಟೆಯಲ್ಲಿ ಬೆಲೆ ಹೆಚ್ಚು. ಅತಿ ಹೆಚ್ಚು ಎಣ್ಣೆ ತೆಗೆಯುವ ದೇಶ ಸ್ಪೇನ್. ಸ್ಪೇನ್, ಗ್ರೀಸ್, ಟುನೀಷಿಯಾಗಳ ಎಣ್ಣೆ ಟ್ಯಾಂಕರುಗಳಲ್ಲಿ ಇಟಲಿಗೆ ಹೋಗಿ ಅಲ್ಲಿನ ಬಾಟಲಿ ಸೇರುವುದು ಹಳೆಯ ವ್ಯಾಪಾರ. ಮೂಲ ಯಾವುದೆಂದು ಚೀಟಿಯಲ್ಲಿ ಹೇಳಿದರೆ ಅದು ತಪ್ಪಲ್ಲ. ಹೇಳದೆ ಮುಚ್ಚಿಟ್ಟಾಗ ಮೋಸ. ಹಾಗಾಗಿ ಇಂದಿನ ಯುರೋಪಿಯನ್ ಒಕ್ಕೂಟದ ಪೂರ್ವರೂಪವಾದ ಯುರೋಪಿಯನ್ ಸಮುದಾಯ 1991ರಲ್ಲಿ ಆಲಿವ್ ಎಣ್ಣೆಯ ಗುಣಲಕ್ಷಣ ಮತ್ತು ಪರೀಕ್ಷೆಗಳಿಗೆ ವಿವರವಾದ ನಿಯಮ ಮಾಡಿತು. 2009ರಿಂದ ಉತ್ತಮ ದರ್ಜೆಯ ಎಣ್ಣೆಗೆ ಮೂಲದೇಶದ ಹೆಸರು ಹಾಕುವುದು ಕಡ್ಡಾಯವಾಯಿತು.

ಅಲ್ಲಿನ ಪರೀಕ್ಷಕರು ಮೊದಲು ನೋಡುವುದು ಕೊಬ್ಬಿನಾಮ್ಲಗಳ ಪಾಲನ್ನು. ಆಲಿವ್ ಎಣ್ಣೆಯಲ್ಲಿ ಓಲಿಕ್ ಆಮ್ಲ ಸುಮಾರು ಶೇ. 55ರಿಂದ 83ರವರೆಗೆ ಇರಬಹುದು. ಸ್ಪೇನಿನ ಪಿಕ್ವಾಲ್ ತಳಿಯಲ್ಲಿ ಅದು ಮೇಲಿನ ತುದಿಗೆ ಹತ್ತಿರ. ಟುನೀಷಿಯಾದ ಶೆಮ್ಲಾಲಿಯಲ್ಲಿ ಓಲಿಕ್ ಕಡಿಮೆ, ಪಾಮಿಟಿಕ್ ಹೆಚ್ಚು. ಆದರೆ ಇದು ತಳಿಯ ಗುರುತು, ನೆಲದ್ದಲ್ಲ. ಪಿಕ್ವಾಲ್ ಗಿಡವನ್ನು ಬೇರೆ ದೇಶದಲ್ಲಿ ನೆಟ್ಟರೂ ಅದು ಬಹುಮಟ್ಟಿಗೆ ಪಿಕ್ವಾಲ್ ಎಣ್ಣೆಯನ್ನೇ ಕೊಡುತ್ತದೆ. ಅದಕ್ಕೇ ಎಣ್ಣೆಯ ಸುವಾಸನೆಯ ಕಣಗಳು, ಇಂಗಾಲ ಮತ್ತು ಆಮ್ಲಜನಕದ ಐಸೊಟೋಪುಗಳು (ಇವೇನೆಂದು ಮುಂದೆ ನೋಡೋಣ), ಅತ್ಯಲ್ಪ ಪ್ರಮಾಣದ ಲೋಹಗಳು ಎಂದು ಒಂದರ ಮೇಲೊಂದು ಸಾಕ್ಷಿ ಸೇರಿಸುತ್ತ ಹೋಗಬೇಕಾಯಿತು.

ತಳಿಯ ಗುರುತನ್ನು ನೆಲದ ಗುರುತೆಂದು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೂ ಉದಾಹರಣೆ ಇದೆ. ಮೊದಲ ಮಹಾಯುದ್ಧದಿಂದ ಗಂಧದ ಮರದ ರಫ್ತು ನಿಂತಾಗ, ಮೈಸೂರು ಸಂಸ್ಥಾನ 1916-17ರ ಹೊತ್ತಿಗೆ ತಾನೇ ಎಣ್ಣೆ ಬಟ್ಟಿ ಇಳಿಸತೊಡಗಿತು. ಇವತ್ತು ಮೈಸೂರು ಗಂಧದೆಣ್ಣೆಗೆ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಇದೆ. ನಮ್ಮ ಗಂಧದ ಎಣ್ಣೆಯಲ್ಲಿ ಆಲ್ಫಾ ಸ್ಯಾಂಟಲಾಲ್ ಶೇ. 41ರಿಂದ 55, ಬೀಟಾ ಸ್ಯಾಂಟಲಾಲ್ ಶೇ. 16ರಿಂದ 24 ಇರಬೇಕು ಎಂಬುದು ಅಂತರರಾಷ್ಟ್ರೀಯ ಮಾನದಂಡ. ಆಸ್ಟ್ರೇಲಿಯದ ಕಾಡುಗಂಧ ಬೇರೆ ಜಾತಿಯದು. ಅದರಲ್ಲಿ ಸ್ಯಾಂಟಲಾಲ್ ಕಡಿಮೆ, ಫಾರ್ನೆಸಾಲ್ ಎದ್ದು ಕಾಣುತ್ತದೆ. ಗ್ಯಾಸ್ ಕ್ರೊಮಟೋಗ್ರಫಿ ಯಂತ್ರ ಅದನ್ನು ಸುಲಭವಾಗಿ ಹಿಡಿಯುತ್ತದೆ. ಆದರೆ ಪಶ್ಚಿಮ ಆಸ್ಟ್ರೇಲಿಯದ ಕುನುನರ್ರಾ ಪ್ರದೇಶದಲ್ಲಿ ನಮ್ಮದೇ ಜಾತಿಯ ಗಂಧವನ್ನು ತೋಟಗಟ್ಟಲೆ ಬೆಳೆಸಿದ್ದಾರೆ. ಆ ಎಣ್ಣೆಯೂ ಮಾನದಂಡದೊಳಗೆ ಕೂರಬಲ್ಲದು. ‘ಇದು ಯಾವ ಮರದ್ದು’ ಎಂಬ ಪ್ರಶ್ನೆಗೆ ಸ್ಯಾಂಟಲಾಲ್ ಉತ್ತರ ಕೊಡುತ್ತದೆ. ‘ಯಾವ ಊರಿನದು’ ಎಂಬುದಕ್ಕೆ ಬೇರೆ ಪರೀಕ್ಷೆಯೇ ಬೇಕು.

ಬೆಲ್ಲಕ್ಕೂ ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ಕೇಳಬೇಕು.

ಯಾವ ಗಿಡದ್ದು?

ಗಾಳಿಯಲ್ಲಿರುವ ಇಂಗಾಲದಲ್ಲಿ ಎರಡು ಸ್ಥಿರ ಬಗೆಗಳಿವೆ. ಹೆಚ್ಚಿನದು ಹಗುರವಾದ ಇಂಗಾಲ-12, ಶೇ. 1.1ರಷ್ಟು ಮಾತ್ರ ಸ್ವಲ್ಪ ತೂಕದ ಇಂಗಾಲ-13. ಹೀಗೆ ಒಂದೇ ಧಾತುವಿನ ತೂಕ ಬೇರೆಯಾದ ರೂಪಗಳೇ ಸಮಸ್ಥಾನಿಗಳು, ರೂಢಿಯ ಮಾತಿನಲ್ಲಿ ಐಸೊಟೋಪುಗಳು. ಗಿಡಗಳು ಗಾಳಿಯನ್ನು ಹೀರುವಾಗ ಹಗುರವಾದದ್ದನ್ನೇ ಹೆಚ್ಚು ಆರಿಸಿಕೊಳ್ಳುತ್ತವೆ. ಭತ್ತ, ತೆಂಗು, ತಾಳೆ, ಈಚಲು, ಬೀಟ್‌ರೂಟು ಹೀಗೆ ಆರಿಸುವುದರಲ್ಲಿ ಬಲು ಕಟ್ಟುನಿಟ್ಟು. ಕಬ್ಬು, ಜೋಳ, ರಾಗಿ, ಮುಸುಕಿನ ಜೋಳಗಳ ಎಲೆಯಲ್ಲಿ ದ್ಯುತಿಸಂಶ್ಲೇಷಣೆಯ ಏರ್ಪಾಡೇ ಬೇರೆ. ಅವು ಅಷ್ಟು ಆರಿಸುವುದಿಲ್ಲ. ವಿಜ್ಞಾನಿಗಳು ಮೊದಲ ಗುಂಪನ್ನು ಸಿ3 ಎಂದೂ ಎರಡನೆಯದನ್ನು ಸಿ4 ಎಂದೂ ಕರೆಯುತ್ತಾರೆ.

ಈ ವ್ಯತ್ಯಾಸವನ್ನು ಒಂದು ಅಂತರರಾಷ್ಟ್ರೀಯ ಅಳತೆಗಲ್ಲಿಗೆ ಹೋಲಿಸಿ, ಸಾವಿರಕ್ಕೆ ಎಷ್ಟು ಕಡಿಮೆ ಎಂದು ಬರೆಯುತ್ತಾರೆ. ಕಬ್ಬಿನ ಸಕ್ಕರೆ ಸುಮಾರು ಮೈನಸ್ 12ರ ಆಸುಪಾಸು, ತೆಂಗಿನ ಬೆಲ್ಲ ಮೈನಸ್ 26ರ ಆಸುಪಾಸು.

ಪರೀಕ್ಷೆಗೆ ಬೇಕಾದ ಬೆಲ್ಲ ಸುಮಾರು ಒಂದು ಮಿಲಿಗ್ರಾಂ, ಇರುವೆ ಕಚ್ಚಿಕೊಂಡು ಹೋಗುವಷ್ಟು. ಅದನ್ನು ತವರದ ಪುಟ್ಟ ಬಟ್ಟಲಲ್ಲಿಟ್ಟು, ಚಿಮಟದಿಂದ ಮಡಚಿ ಗುಂಡು ಮಾಡಿ, ಸುಮಾರು 1,000 ಡಿಗ್ರಿಯ ಕುಲುಮೆಗೆ ಬೀಳಿಸುತ್ತಾರೆ. ಕ್ಷಣದಲ್ಲಿ ಬೆಲ್ಲ ಉರಿದು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಆ ಅನಿಲಕ್ಕೆ ವಿದ್ಯುದಾವೇಶ ಕೊಟ್ಟು ಅಯಸ್ಕಾಂತದ ಪಕ್ಕದಲ್ಲಿ ಓಡಿಸಿದರೆ ಭಾರದ ಕಣಗಳು ಕಡಿಮೆ ಬಾಗುತ್ತವೆ, ಹಗುರವಾದವು ಹೆಚ್ಚು ಬಾಗುತ್ತವೆ. 44 ತೂಕದ್ದು ಒಂದು ಬಟ್ಟಲಿಗೆ, 45 ತೂಕದ್ದು ಪಕ್ಕದ ಬಟ್ಟಲಿಗೆ ಬೀಳುತ್ತದೆ. ಎರಡರ ಲೆಕ್ಕ ಹಾಕಿದರೆ ಉತ್ತರ ಸಿಕ್ಕಿತು.

ಈಗ ಒಂದು ಲೆಕ್ಕ ಮಾಡೋಣ. ‘ಶುದ್ಧ ತೆಂಗಿನ ಬೆಲ್ಲ’ ಎಂದು ದುಬಾರಿ ಬೆಲೆಗೆ ಕೊಂಡದ್ದನ್ನು ಪರೀಕ್ಷಿಸಿದಾಗ ಮೈನಸ್ 19 ಬಂತು ಎನ್ನಿ. ತೆಂಗಿನ ಮೈನಸ್ 26ಕ್ಕೂ ಕಬ್ಬಿನ ಮೈನಸ್ 12ಕ್ಕೂ ನಡುವೆ 14ರ ಅಂತರ. ಮೈನಸ್ 19 ಎಂದರೆ ತೆಂಗಿನಿಂದ ಕಬ್ಬಿನ ಕಡೆಗೆ 7 ಹೆಜ್ಜೆ. ಹದಿನಾಲ್ಕರಲ್ಲಿ ಏಳು, ಅಂದರೆ ಅರ್ಧ ಸಕ್ಕರೆ ಕಬ್ಬಿನದು. ಮೈನಸ್ 22.5 ಬಂದಿದ್ದರೆ ಕಾಲು ಭಾಗ ಕಬ್ಬು. ತಾಳೆ ಬೆಲ್ಲ, ಖರ್ಜೂರದ ಬೆಲ್ಲಕ್ಕೂ ಇದೇ ತಕ್ಕಡಿ.

ಜೇನುತುಪ್ಪಕ್ಕೆ ಇದೇ ಪರೀಕ್ಷೆ ನಮ್ಮ ದೇಶದ ಕಾನೂನಿನಲ್ಲೇ ಇದೆ. ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ ನಿಯಮದಂತೆ ಜೇನಿನಲ್ಲಿ ಸಿ4 ಸಕ್ಕರೆ ಶೇ. 7ನ್ನು ಮೀರಬಾರದು. ಕಳ್ಳರು ಇದಕ್ಕೂ ದಾರಿ ಹುಡುಕಿಕೊಂಡರು. ಕಬ್ಬಿನ ಪಾಕ ಬಿಟ್ಟು ಅಕ್ಕಿಯ ಪಾಕ ಬೆರೆಸಿದರು. ಅಕ್ಕಿ ಸಿ3 ಗುಂಪಿನದು, ಜೇನ್ನೊಣ ಹೀರುವ ಬಹುತೇಕ ಹೂಗಳೂ ಸಿ3. ತಕ್ಕಡಿಗೆ ವ್ಯತ್ಯಾಸವೇ ಕಾಣಲಿಲ್ಲ.

ಕಬ್ಬಿನ ಬೆಲ್ಲಕ್ಕೆ ಕಬ್ಬಿನ ಸಕ್ಕರೆ

ಮಂಡ್ಯದ ಆಲೆಮನೆಗಳ ಮೇಲೆ ಇರುವ ದೊಡ್ಡ ದೂರು ಸಕ್ಕರೆ ಬೆರೆಸುವುದರದ್ದು. ಸಕ್ಕರೆ ಅಗ್ಗವಾದ ದಿನಗಳಲ್ಲಿ, ಕಬ್ಬಿನ ಹಾಲು ತೆಳುವಾದಾಗ, ಕೊಪ್ಪರಿಗೆಗೆ ಸಕ್ಕರೆ ಸುರಿದರೆ ಇಳುವರಿ ಹೆಚ್ಚುತ್ತದೆ, ಬಣ್ಣ ತಿಳಿಯಾಗುತ್ತದೆ. ಇದನ್ನು ಇಂಗಾಲದ ಪರೀಕ್ಷೆ ಹಿಡಿಯುವುದಿಲ್ಲ. ಬೆಲ್ಲವೂ ಕಬ್ಬಿನದು, ಸಕ್ಕರೆಯೂ ಕಬ್ಬಿನದು, ಎರಡೂ ಮೈನಸ್ 12. ದುಬಾರಿ ಐಸೊಟೋಪ್ ಪರೀಕ್ಷೆಗೆ ಹಣ ಕಟ್ಟಿ ‘ಪಾಸ್’ ಎಂಬ ವರದಿ ತಂದು ಚೌಕಟ್ಟು ಹಾಕಿಸಿದವರು ಇದನ್ನು ನೆನಪಿಡಬೇಕು.

ಇಲ್ಲಿ ಕೆಲಸಕ್ಕೆ ಬರುವುದು ಬೂದಿಯ ಪರೀಕ್ಷೆ, ಹಳೆಯದು ಮತ್ತು ಅಗ್ಗದ್ದು. ತೂಗಿದ ಬೆಲ್ಲವನ್ನು ಮೂಸೆಯಲ್ಲಿಟ್ಟು ಪೂರ್ತಿ ಸುಟ್ಟರೆ ಸಕ್ಕರೆ ಗಾಳಿಗೆ ಹೋಗುತ್ತದೆ, ಖನಿಜ ಉಳಿಯುತ್ತದೆ. ಬಿಳಿ ಸಕ್ಕರೆ ಸುಟ್ಟರೆ ಬೂದಿ ಹೆಚ್ಚುಕಡಿಮೆ ಸೊನ್ನೆ. ಆದ್ದರಿಂದ ಸಕ್ಕರೆ ಬೆರೆತಷ್ಟೂ ಬೂದಿ ಇಳಿಯುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ, ಸುಕ್ರೋಸ್ ಏರುತ್ತದೆ. ಆ ಊರಿನ ಶುದ್ಧ ಬೆಲ್ಲದಲ್ಲಿ ಶೇ. 3 ಬೂದಿ ಇರುವುದು ಗೊತ್ತಿದ್ದು, ಮಾದರಿಯಲ್ಲಿ ಶೇ. 1.5 ಬಂದರೆ ಅರ್ಧದಷ್ಟು ಸಕ್ಕರೆ ಬಿದ್ದಿರಬಹುದು ಎಂಬ ಗುಮಾನಿಗೆ ದಾರಿಯಾಯಿತು. ‘ಆ ಊರಿನದು ಗೊತ್ತಿದ್ದರೆ’ ಎಂಬ ಮಾತಿನಲ್ಲೇ ಎಲ್ಲ ಇದೆ. ತಳಿ, ಗೊಬ್ಬರ, ಸವುಳು ನೆಲ, ಕಬ್ಬಿನ ವಯಸ್ಸು ಎಲ್ಲವೂ ಬೂದಿಯನ್ನು ಏರಿಳಿಸುತ್ತವೆ.

ಕಾನೂನು ಇಲ್ಲಿ ಹೆಚ್ಚು ನೆರವಿಗೆ ಬರುವುದಿಲ್ಲ. ಬೆಲ್ಲದಲ್ಲಿ ಸುಕ್ರೋಸ್ ಕನಿಷ್ಠ ಶೇ. 60 ಇರಬೇಕು, ಗಂಧಕದ ಡೈಆಕ್ಸೈಡ್ 70 ಪಿಪಿಎಂ ಮೀರಬಾರದು ಎಂದು ನಿಯಮವಿದೆ. ಎರಡನೆಯದು ಆಲೆಮನೆಯವರು ‘ಹೈಡ್ರೋಸ್’ ಎನ್ನುವ ಪುಡಿಗೆ ಹಾಕಿದ ಲಗಾಮು. ಬೆಲ್ಲವನ್ನು ಬೆಳ್ಳಗೆ ಮಾಡುವುದು ಆ ಪುಡಿಯೇ. ಸುಕ್ರೋಸಿನ ಕೆಳಮಿತಿಯನ್ನಂತೂ ಸಕ್ಕರೆ ಬೆರೆಸಿದ ಬೆಲ್ಲ ಇನ್ನೂ ಸಲೀಸಾಗಿ ದಾಟುತ್ತದೆ.

ನೀರು ಬಿಟ್ಟ ಗುರುತು

ಊರಿನ ಪ್ರಶ್ನೆಗೆ ಬರೋಣ. ಕಬ್ಬಿನ ಸಕ್ಕರೆಯಲ್ಲಿರುವ ಜಲಜನಕ ಬಂದದ್ದು ಗಿಡ ಕುಡಿದ ನೀರಿನಿಂದ. ಆಮ್ಲಜನಕದ ಮೇಲೂ ಆ ನೀರಿನದೇ ಮುದ್ರೆ. ನೀರಿನಲ್ಲೂ ಭಾರದ ಮತ್ತು ಹಗುರವಾದ ಆಮ್ಲಜನಕಗಳಿವೆ. ಮೋಡ ಕಡಲಿನಿಂದ ಒಳನಾಡಿಗೆ ಹೋದಂತೆ, ಬೆಟ್ಟ ಹತ್ತಿದಂತೆ, ಭಾರದ್ದು ಮೊದಲು ಮಳೆಯಾಗಿ ಇಳಿದುಬಿಡುತ್ತದೆ. ಕೆರೆಯ ನೀರು ಬಿಸಿಲಿಗೆ ಆರಿದಂತೆ ಹಗುರವಾದದ್ದು ಹಾರಿ, ಭಾರದ್ದು ಉಳಿಯುತ್ತದೆ. ಹೀಗಾಗಿ ಒಂದೊಂದು ಸೀಮೆಯ ನೀರಿಗೂ ಒಂದೊಂದು ಅಂಕಿ. ಬೆಲ್ಲ ಕಾಸುವಾಗ ಕಬ್ಬಿನ ಹಾಲಿನ ನೀರು ಆವಿಯಾದರೂ, ಸಕ್ಕರೆಯ ಕಣದೊಳಗೆ ಕಟ್ಟಿಕೊಂಡ ಆಮ್ಲಜನಕ ಅಲ್ಲೇ ಉಳಿಯುತ್ತದೆ.

ಮಳೆ ನಂಬಿ ಬೆಳೆಯುವ ನಾಡಿನಲ್ಲಿ ಇದು ಒಳ್ಳೆಯ ಸಾಕ್ಷಿ. ಪಾಲಹಳ್ಳಿಯ ಗದ್ದೆಯಲ್ಲಿ ಹುಷಾರಾಗಿ ಓದಬೇಕು. ಇಲ್ಲಿನ ಕಬ್ಬು ಕುಡಿಯುವುದು ಪಾಲಹಳ್ಳಿಯ ಮಳೆಯನ್ನಲ್ಲ. ಜೂನ್-ಜುಲೈಯಲ್ಲಿ ಕೊಡಗಿನಲ್ಲಿ ಸುರಿದ ಮಳೆಯನ್ನು. ಅದು ಕಾವೇರಿಯಾಗಿ ಹರಿದು, ಕೃಷ್ಣರಾಜಸಾಗರದಲ್ಲಿ ಹೇಮಾವತಿ, ಲಕ್ಷ್ಮಣತೀರ್ಥದ ನೀರಿನೊಂದಿಗೆ ಬೆರೆತು, ತಿಂಗಳುಗಟ್ಟಲೆ ಬಿಸಿಲು ಕಾಯ್ದು, ನಾಲೆಗೆ ಇಳಿದದ್ದು. ಕೆ.ಆರ್. ಪೇಟೆಯ ನಾಲಾ ಬಯಲಿಗೆ ಹೇಮಾವತಿ. ನಾಗಮಂಗಲದ ಬಹುಪಾಲು ಕೆರೆ, ಕೊಳವೆಬಾವಿ. ಅಲ್ಲಿ ನೆಲಕ್ಕೆ ಇಂಗುವ ನೀರಿನಲ್ಲಿ ಸೆಪ್ಟೆಂಬರ್-ಅಕ್ಟೋಬರಿನ ಸ್ಥಳೀಯ ಮಳೆಯದು ದೊಡ್ಡ ಪಾಲು. ಬಂಗಾಳಕೊಲ್ಲಿಯ ಕಡೆಯಿಂದ ಬರುವ ಹಿಂಗಾರು ಮಳೆಯಲ್ಲಿ ಮುಂಗಾರಿಗಿಂತ ಭಾರದ ಆಮ್ಲಜನಕ ಸಾಮಾನ್ಯವಾಗಿ ಕಡಿಮೆ.

ಹಾಗಾಗಿ ನೀರಿನ ಗುರುತು ತಾಲ್ಲೂಕಿನ ಗಡಿಯನ್ನು ನೋಡುವುದಿಲ್ಲ, ನಾಲೆಯ ಜಾಡನ್ನು ನೋಡುತ್ತದೆ. ಒಂದೇ ಊರಿನ ನಾಲೆ ಕೆಳಗಿನ ಗದ್ದೆಗೂ ಮೇಲಿನ ಕೊಳವೆಬಾವಿ ಹೊಲಕ್ಕೂ ಅಂಕಿ ಬೇರೆಯಾಗಬಹುದು. ಬರ ಬಂದು ನಾಲೆ ನಿಂತ ವರ್ಷ ನಾಲೆ ಬಯಲಿನ ಕಬ್ಬೂ ಬೋರ್‌ವೆಲ್ ಕುಡಿಯುತ್ತದೆ. ಅದಕ್ಕೇ ಹೋದ ವರ್ಷದ ಅಂಕಿ ಇಟ್ಟುಕೊಂಡು ಈ ವರ್ಷದ ಬೆಲ್ಲವನ್ನು ತೂಗಲಾಗದು.

ಬಂಡೆ ಬಿಟ್ಟ ಗುರುತು

ಮಳೆಯಂತೆ ವರ್ಷವರ್ಷಕ್ಕೂ ಬದಲಾಗದ ಸಾಕ್ಷಿಯೊಂದಿದೆ. ಅದು ಸ್ಟ್ರಾನ್ಶಿಯಂ ಎಂಬ ಲೋಹ. ಕ್ಯಾಲ್ಸಿಯಂನ ದಾಯಾದಿಯಂತಿರುವ ಇದನ್ನು ಗಿಡದ ಬೇರು ಕ್ಯಾಲ್ಸಿಯಂ ಎಂದುಕೊಂಡೇ ಹೀರುತ್ತದೆ. ಬಂಡೆಯಲ್ಲಿರುವ ರುಬಿಡಿಯಂ-87 ಬಹಳ ನಿಧಾನವಾಗಿ ಕ್ಷಯಿಸಿ ಸ್ಟ್ರಾನ್ಶಿಯಂ-87 ಆಗುತ್ತದೆ. ಎಷ್ಟು ನಿಧಾನವೆಂದರೆ ಅರ್ಧದಷ್ಟು ಬದಲಾಗಲು ಸುಮಾರು 4,900 ಕೋಟಿ ವರ್ಷ ಬೇಕು. ಬಂಡೆ ಹಳೆಯದಾದಷ್ಟೂ, ರುಬಿಡಿಯಂ ಹೆಚ್ಚಿದ್ದಷ್ಟೂ, ಸ್ಟ್ರಾನ್ಶಿಯಂ-87ರ ಪಾಲು ಹೆಚ್ಚು. ಅದನ್ನು ಸ್ಟ್ರಾನ್ಶಿಯಂ-86ಕ್ಕೆ ಭಾಗಿಸಿ ಬರೆದ ಅಂಕಿ ಆ ನೆಲದ ಬಂಡೆಯ ರುಜು.

ಕುಂತಿಬೆಟ್ಟದ ಹೆಬ್ಬಂಡೆಗಳನ್ನು ನೋಡಿದವರಿಗೆ ಮಂಡ್ಯದ ನೆಲ ಎಂಥದೆಂದು ವಿವರಿಸಬೇಕಿಲ್ಲ. ನಮ್ಮ ಕಾಲ ಕೆಳಗಿರುವುದು ಸುಮಾರು 300 ಕೋಟಿ ವರ್ಷದ ನೈಸ್ ಎಂಬ ಶಿಲೆ ಮತ್ತು ಅದರೊಳಗೆ ನುಗ್ಗಿದ ಗ್ರಾನೈಟು. ನಾಗಮಂಗಲದ ಕಡೆ ಧಾರವಾಡ ಶಿಲಾಪಟ್ಟಿಯ ಒಂದು ತುಂಡಿದ್ದು, ಅಲ್ಲಿನ ಕಪ್ಪು ಕಲ್ಲಿನ ಖನಿಜಗಳೇ ಬೇರೆ. ಇದಕ್ಕೆದುರಾಗಿ ಕೊಲ್ಹಾಪುರದ ಕಬ್ಬು ಬೆಳೆಯುವುದು ದಖ್ಖನಿನ ಲಾವಾ ಕಲ್ಲಿನ ಮೇಲೆ. ಆ ಲಾವಾ ಹರಿದು ಸುಮಾರು 6.6 ಕೋಟಿ ವರ್ಷವಾಗಿದೆ ಅಷ್ಟೆ, ರುಬಿಡಿಯಂ ಕೂಡ ಕಡಿಮೆ. ಲಾವಾ ನೆಲದ ಅಂಕಿ 0.70ರ ಸುತ್ತಲೇ ಆಡುತ್ತದೆ. ನಮ್ಮ ಹಳೆಯ ನೈಸಿನ ನೆಲದಲ್ಲಿ ಅದು ಸ್ಪಷ್ಟವಾಗಿ ಮೇಲೆ ಹೋಗುತ್ತದೆ. ಮೂರನೆಯ ದಶಮಾಂಶದ ವ್ಯತ್ಯಾಸವನ್ನೂ ಸಲೀಸಾಗಿ ಓದುವ ಯಂತ್ರಗಳಿಗೆ ಇದು ದೊಡ್ಡ ಅಂತರ.

ಕೊಲ್ಹಾಪುರದ ಬೆಲ್ಲಕ್ಕೆ ಜಿಐ ಮಾನ್ಯತೆ ಇದೆ. ಕೇರಳದ ಮರಯೂರು ಬೆಲ್ಲಕ್ಕೂ 2019ರಲ್ಲಿ ಸಿಕ್ಕಿತು. ಹೊರಗಿನ ಅಗ್ಗದ ಬೆಲ್ಲ ಮರಯೂರಿನ ಹೆಸರಲ್ಲಿ ಮಾರಾಟವಾಗುತ್ತಿದ್ದುದೇ ಅಲ್ಲಿನವರ ಗೋಳಾಗಿತ್ತು. ಹೆಸರಿಗೆ ಬೆಲೆ ಬಂದ ಕೂಡಲೇ ಹೆಸರಿನ ಕಳ್ಳತನವೂ ಬರುತ್ತದೆ. ಮಂಡ್ಯದ ಬೆಲ್ಲವನ್ನು ಕೊಲ್ಹಾಪುರದ್ದೆಂದೋ ಕೊಲ್ಹಾಪುರದ್ದನ್ನು ಮಂಡ್ಯದ್ದೆಂದೋ ಮಾರಿದರೆ ಸ್ಟ್ರಾನ್ಶಿಯಂ ಹಿಡಿದುಕೊಡುವ ಸಾಧ್ಯತೆ ಇದೆ. ಪಾಲಹಳ್ಳಿಯದೋ ಪಾಂಡವಪುರದ್ದೋ ಎಂದು ಕೇಳಿದರೆ ಅದು ಕೈಚೆಲ್ಲುತ್ತದೆ. ಎರಡೂ ಕಡೆ ಅದೇ ಬಂಡೆ, ಅದೇ ಕಾವೇರಿ.

ಆಲೆಮನೆ ಬರೆದದ್ದು, ಗದ್ದೆ ಬರೆದದ್ದು

ಪುಸ್ತಕದಲ್ಲಿ ಓದಿದ ವಿದ್ಯೆ ಎಡವುವುದು ಆಲೆಮನೆಯ ಹೊಸ್ತಿಲಲ್ಲಿ. ಕಬ್ಬು ಗಾಣಕ್ಕೆ ಕೊಟ್ಟು ಹಿಂಡಿದ ಹಾಲು ಕೊಪ್ಪರಿಗೆಗೆ ಬೀಳುತ್ತದೆ. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ, ಅಂದರೆ ರಚ್ಚು ತುರುಕಿ ಉರಿ ಏರಿಸುತ್ತಾರೆ. ಹಾಲು ಕಾದು ಹಸಿರು ಮಡ್ಡಿ ಮೇಲೆ ಕಟ್ಟಿದಾಗ ಸುಣ್ಣದ ತಿಳಿ ಹಾಕುತ್ತಾರೆ. ಕೆಲವರು ಬೆಂಡೆ ಗಿಡ ಜಜ್ಜಿದ ಲೋಳೆ ಬಿಡುತ್ತಾರೆ. ಮಡ್ಡಿ ತೆಗೆದ ಮೇಲೆ ನೊರೆ ಉಕ್ಕಿ, ಗುಳ್ಳೆ ದಪ್ಪವಾಗಿ, ಪಾಕ ಹದಕ್ಕೆ ಬರುತ್ತದೆ. ಒಂದು ತೊಟ್ಟು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ, ಅದು ಕರಗದೆ ನಿಂತರೆ ಕೊಪ್ಪರಿಗೆ ಇಳಿಸಿ ಅಚ್ಚಿನ ಮಣೆಗೆ ಸುರಿಯುತ್ತಾರೆ.

ಈ ಪ್ರತಿ ಹೆಜ್ಜೆಯಲ್ಲೂ ಬೆಲ್ಲಕ್ಕೆ ಹೊರಗಿನ ಸಾಕ್ಷಿ ಸೇರುತ್ತದೆ. ಸುಣ್ಣದಲ್ಲಿ ಸ್ಟ್ರಾನ್ಶಿಯಂ ಇದೆ, ಅದು ಎಲ್ಲೋ ದೂರದ ಸುಣ್ಣಕಲ್ಲಿನ ಗಣಿಯದು. ಸುಣ್ಣ ಹೆಚ್ಚು ಹಾಕಿದ ಬೆಲ್ಲದ ಅಂಕಿ ಗದ್ದೆಯ ಬಂಡೆಗಿಂತ ಆ ಗಣಿಯ ಕಡೆಗೆ ವಾಲುತ್ತದೆ. ಗಾಣದ ರೋಲರು, ಕಬ್ಬಿಣದ ಕೊಪ್ಪರಿಗೆ ಕಬ್ಬಿಣಾಂಶ ಕೊಡುತ್ತವೆ. ಸೋಡ ಹಾಕಿದರೆ ಸೋಡಿಯಂ ಏರುತ್ತದೆ, ಹೈಡ್ರೋಸ್ ಹಾಕಿದರೆ ಸೋಡಿಯಂ ಜೊತೆಗೆ ಗಂಧಕವೂ ಏರುತ್ತದೆ. ಗದ್ದೆಯಲ್ಲೇ ಸೂಪರ್ ಫಾಸ್ಫೇಟ್ ಚೆಲ್ಲಿದ್ದರೆ ಅದರ ಮೂಲಕಲ್ಲಿನ ಸ್ಟ್ರಾನ್ಶಿಯಂ ಮಣ್ಣಿಗೆ ಸೇರಿರುತ್ತದೆ.

ಆದ್ದರಿಂದ ಊರಿನ ಪ್ರಶ್ನೆಗೆ ಕಬ್ಬಿಣ, ಸೋಡಿಯಂ, ಕ್ಯಾಲ್ಸಿಯಂಗಳನ್ನು ನಂಬುವಂತಿಲ್ಲ. ಅವು ಆಲೆಮನೆಯ ಕೈಬರಹ. ಮ್ಯಾಂಗನೀಸ್, ರುಬಿಡಿಯಂ, ಬೇರಿಯಂನಂಥವು ಹೆಚ್ಚು ಮಟ್ಟಿಗೆ ಗದ್ದೆಯ ಕೈಬರಹ. ಸ್ಟ್ರಾನ್ಶಿಯಂ ನೋಡುವುದಾದರೆ ಬೆಲ್ಲದ ಜೊತೆಗೆ ಆ ಆಲೆಮನೆಯ ಸುಣ್ಣವನ್ನೂ, ಗದ್ದೆಯ ಕಬ್ಬಿನ ಹಸಿ ಹಾಲನ್ನೂ ಪರೀಕ್ಷಿಸಬೇಕು. ಸಾವಯವ ಎಂದು ಹೇಳಿಕೊಳ್ಳುವ ಬೆಲ್ಲಕ್ಕೆ ಸಾರಜನಕದ ಐಸೊಟೋಪು ನೋಡುವುದುಂಟು. ಯೂರಿಯಾದ ಸಾರಜನಕ ಗಾಳಿಯಿಂದ ಮಾಡಿದ್ದು, ಅದರ ಅಂಕಿ ಸೊನ್ನೆಯ ಹತ್ತಿರ. ಕೊಟ್ಟಿಗೆ ಗೊಬ್ಬರದ್ದು ಅದಕ್ಕಿಂತ ಮೇಲೆ. ಇದು ಸುಳಿವು ಮಾತ್ರ, ತೀರ್ಪಿಗೆ ಸಾಲದು.

ಇನ್ನೊಂದು ತೊಡಕು ರಸಾಯನಶಾಸ್ತ್ರದ್ದಲ್ಲ. ಕೆ.ಆರ್. ಪೇಟೆಯ ಕಬ್ಬು ಟ್ರ್ಯಾಕ್ಟರಿನಲ್ಲಿ ಬಂದು ಪಾಂಡವಪುರದ ಆಲೆಮನೆಯಲ್ಲಿ ಬೆಲ್ಲವಾದರೆ ಅದು ಯಾವ ಊರಿನ ಬೆಲ್ಲ? ಪ್ರಯೋಗಾಲಯ ಗದ್ದೆಯನ್ನು ಹೇಳುತ್ತದೆ, ಮಂಡ್ಯದ ಎಪಿಎಂಸಿ ಯಾರ್ಡಿನ ಚೀಟಿ ಆಲೆಮನೆಯನ್ನು ಹೇಳುತ್ತದೆ. ಯಾವುದು ಲೆಕ್ಕಕ್ಕೆ ಎಂಬುದನ್ನು ಮೊದಲೇ ಬರೆದುಕೊಳ್ಳದಿದ್ದರೆ ಎಷ್ಟು ಪರೀಕ್ಷೆ ಮಾಡಿದರೂ ಜಗಳ ತೀರುವುದಿಲ್ಲ.

ಬಂಡೂರು ಕುರಿ ಗುರುತಿಸುವ ಹಾಗೆ

ಇಷ್ಟು ಅಂಕಿ ಬಂದ ಮೇಲೆ ತೀರ್ಮಾನ ಹೇಗೆ? ಮಳವಳ್ಳಿ ಕಡೆಯ ಸಂತೆಯಲ್ಲಿ ಬಂಡೂರು ಕುರಿ ಕೊಳ್ಳುವ ಅನುಭವಸ್ಥರನ್ನು ನೋಡಿ. ಕಾಲು ಗಿಡ್ಡವೆ, ಬೆನ್ನು ಅಗಲವೆ, ಮೈ ದುಂಡಗಿದೆಯೆ, ಹಿಂಭಾಗ ತುಂಬಿದೆಯೆ ಎಂದು ಒಟ್ಟಿಗೆ ನೋಡುತ್ತಾರೆ. ಗಿಡ್ಡ ಕಾಲಿದ್ದ ಮಾತ್ರಕ್ಕೆ ಅದು ಬಂಡೂರು ಕುರಿಯಲ್ಲ. ಆ ಎಲ್ಲ ಲಕ್ಷಣ ಕೂಡಿದ ಕುರಿಗಳನ್ನು ನೂರಾರು ನೋಡಿ ಪಳಗಿದ ಕಣ್ಣು ಅದು.

ಕಂಪ್ಯೂಟರ್ ಮಾಡುವುದೂ ಇದನ್ನೇ. ಇಂಗಾಲ, ಆಮ್ಲಜನಕ, ಸ್ಟ್ರಾನ್ಶಿಯಂ, ಹತ್ತಾರು ಲೋಹಗಳು ಎಂದು ಒಂದೊಂದು ಬೆಲ್ಲಕ್ಕೂ ಇಪ್ಪತ್ತು ಮೂವತ್ತು ಅಂಕಿ ಕೊಟ್ಟರೆ, ಅದು ಹೋಲುವವನ್ನು ಒಂದು ಗುಂಪಿಗೆ ಹಾಕುತ್ತದೆ. ಮಂಡ್ಯದ ಬೆಲ್ಲಗಳ ಗುಂಪು ಒಂದು ಕಡೆ, ಕೊಲ್ಹಾಪುರದವು ಇನ್ನೊಂದು ಕಡೆ. ಗುರುತಿಲ್ಲದ ಮಾದರಿ ಯಾವ ಗುಂಪಿನ ಒಳಗೆ ಬೀಳುತ್ತದೆಂದು ನೋಡಿ, ಸಂಭವ ಎಷ್ಟೆಂದು ಹೇಳುತ್ತದೆ. ಯಂತ್ರಕ್ಕೆ ಪಾಲಹಳ್ಳಿ ಎಂಬ ಹೆಸರು ಗೊತ್ತಿಲ್ಲ. ಪಾಲಹಳ್ಳಿಯದೆಂದು ಖಚಿತವಾಗಿ ಗೊತ್ತಿರುವ ಬೆಲ್ಲವನ್ನು ಮೊದಲು ತೋರಿಸಿದ್ದರೆ ಮಾತ್ರ ಇದು ಅದರಂತಿದೆ ಎನ್ನಬಲ್ಲದು. ತೋರಿಸದೆ ಕೇಳಿದರೆ ಗೊತ್ತಿರುವ ಗುಂಪುಗಳಲ್ಲಿ ಹತ್ತಿರದ್ದಕ್ಕೆ ತಳ್ಳಿಬಿಡುತ್ತದೆ.

ಇದರಿಂದ ಒಂದು ಮಾತು ಹೊರಡುತ್ತದೆ. ಈ ಪರೀಕ್ಷೆಗಳು ‘ಅಲ್ಲ’ ಎನ್ನುವುದರಲ್ಲಿ ಗಟ್ಟಿಗರು, ‘ಹೌದು’ ಎನ್ನುವುದರಲ್ಲಿ ಅಳುಕಿನವರು. ಅಂಕಿ ಮಂಡ್ಯದ ವ್ಯಾಪ್ತಿಯ ಹೊರಗೆ ಬಿದ್ದರೆ ಇದು ಮಂಡ್ಯದ್ದಲ್ಲ ಎಂದು ಧೈರ್ಯವಾಗಿ ಹೇಳಬಹುದು. ಒಳಗೆ ಬಿದ್ದರೆ ‘ಮಂಡ್ಯದ್ದಾಗಿರಲು ಅಡ್ಡಿಯಿಲ್ಲ’ ಎಂದಷ್ಟೇ ಬರೆಯುವುದು ಪ್ರಾಮಾಣಿಕ ವರದಿ. ‘ನೂರಕ್ಕೆ ನೂರು ಇಂಥ ಹಳ್ಳಿಯದು’ ಎಂಬ ವರದಿ ಕೈಗೆ ಬಂದರೆ ಅನುಮಾನಿಸಿ.

ಮಾದರಿ ಕಳಿಸುವವರಿಗೆ

ಗುಣಮಟ್ಟದ ಪರೀಕ್ಷೆಗೆ ಮೈಸೂರಿನಲ್ಲೇ 1950ರಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯಗಳು ಬೆಂಗಳೂರಿನಲ್ಲಿವೆ. ಐಸೊಟೋಪು ಅಳೆಯುವ ಯಂತ್ರಗಳು ಭಾರತೀಯ ವಿಜ್ಞಾನ ಸಂಸ್ಥೆಯ ಭೂವಿಜ್ಞಾನ ಕೇಂದ್ರದಂಥ ಸಂಶೋಧನಾ ಸ್ಥಳಗಳಲ್ಲಿವೆ. ಅವು ಸಂಶೋಧನೆಗಾಗಿ ಇರುವಂಥವು. ರೈತ ಉತ್ಪಾದಕರ ಕಂಪನಿಯೋ ಸಹಕಾರ ಸಂಘವೋ ಕೃಷಿ ವಿಶ್ವವಿದ್ಯಾಲಯದ ಜೊತೆ ಸೇರಿ ಒಂದು ಯೋಜನೆಯಾಗಿ ಹೋದರೆ ದಾರಿ ಸುಲಭ.

ಯಾವ ಪ್ರಯೋಗಾಲಯಕ್ಕೆ ಹೋದರೂ ಮೊದಲು ಪ್ರಶ್ನೆ ಸ್ಪಷ್ಟವಾಗಿರಲಿ. ತೆಂಗಿನ ಬೆಲ್ಲಕ್ಕೆ ಕಬ್ಬು ಬೆರೆತಿದೆಯೆ ಎಂದಾದರೆ ಇಂಗಾಲ ಸಾಕು. ಸಕ್ಕರೆ ಬಿದ್ದಿದೆಯೆ ಎಂದಾದರೆ ಬೂದಿ, ಪೊಟ್ಯಾಸಿಯಂ, ಸುಕ್ರೋಸ್. ಬೆಳ್ಳಗೆ ಮಾಡುವ ಪುಡಿಯ ಗುಮಾನಿಯಾದರೆ ಗಂಧಕದ ಡೈಆಕ್ಸೈಡ್. ಊರಿನ ಪ್ರಶ್ನೆಯಾದರೆ ‘ನಿಮ್ಮ ಬಳಿ ಹೋಲಿಸಲು ಯಾವ ಊರಿನ, ಯಾವ ವರ್ಷದ, ಎಷ್ಟು ಮಾದರಿಗಳಿವೆ’ ಎಂದು ಕೇಳಿ. ಅದಕ್ಕೆ ಉತ್ತರ ಬರದಿದ್ದರೆ ದುಡ್ಡು ಉಳಿಸಿಕೊಳ್ಳಿ.

ಒಂದೇ ಅಚ್ಚು ಕಳಿಸಬೇಡಿ. ಬೇರೆ ಬೇರೆ ಕೊಪ್ಪರಿಗೆಯ ಅಚ್ಚುಗಳಿಂದ ಚೂರು ತೆಗೆದು, ಕುಟ್ಟಿ ಬೆರೆಸಿ, ತೇವ ತಗಲದ ಡಬ್ಬಿಗೆ ತುಂಬಿ. ಲೋಹದ ಡಬ್ಬಿ ಬೇಡ, ಅದರ ಲೋಹವೂ ಸಾಕ್ಷಿಗೆ ಸೇರಿಕೊಳ್ಳುತ್ತದೆ. ಅಷ್ಟೇ ಇನ್ನೊಂದು ಪಾಲನ್ನು ಮೊಹರು ಮಾಡಿ ನಿಮ್ಮಲ್ಲೇ ಇಟ್ಟುಕೊಳ್ಳಿ. ವರದಿಯ ಮೇಲೆ ತಕರಾರು ಬಂದರೆ ಅದೇ ಆಸರೆ.

ಕೊಂಡವರಿಗೂ ಕಾನೂನಿನಲ್ಲಿ ದಾರಿಯಿದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೆಯ ಕಲಮಿನಂತೆ ಗ್ರಾಹಕರು ಶುಲ್ಕ ಕಟ್ಟಿ ತಾವು ಕೊಂಡ ಆಹಾರವನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಹಾಗೆ ಮಾಡಿಸುವ ಉದ್ದೇಶವನ್ನು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಬೇಕು ಎಂಬುದು ಷರತ್ತು.

ಒಂದು ಕಿಲೋ ಎತ್ತಿಡಿ

ಒಂದು ಜಿಲ್ಲೆ ಒಂದು ಉತ್ಪನ್ನ ಯೋಜನೆಯಲ್ಲಿ ಮಂಡ್ಯದ ಪಾಲಿಗೆ ಬಂದಿರುವುದು ಬೆಲ್ಲ. ಹೆಸರು ಬೆಳೆಸುವ ಮಾತು ಎಲ್ಲೆಡೆ ಕೇಳುತ್ತಿದೆ. ಹೆಸರು ಕಾಯುವ ಕೆಲಸ ಮಾತ್ರ ಆಲೆಮನೆಯಿಂದಲೇ ಶುರುವಾಗಬೇಕು. ಅದಕ್ಕೆ ಕೋಟಿಯ ಯಂತ್ರ ಬೇಡ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳಲ್ಲಿ ಸಕ್ಕರೆ, ಪುಡಿ ಏನೂ ಬೆರೆಸದೆ ಕಾಸುವ ಆಲೆಮನೆಗಳು ಪ್ರತಿ ಹಂಗಾಮಿನಲ್ಲಿ ಒಂದು ಕಿಲೋ ಬೆಲ್ಲ, ಒಂದು ಬಾಟಲಿ ಕಬ್ಬಿನ ಹಾಲು, ಒಂದು ಹಿಡಿ ಸುಣ್ಣ ಎತ್ತಿಡಬೇಕು. ಜೊತೆಗೆ ಒಂದು ಚೀಟಿ: ಗದ್ದೆಯ ಸರ್ವೆ ನಂಬರು, ತಳಿ, ನಾಲೆ ನೀರೋ ಬೋರ್‌ವೆಲ್ ನೀರೋ, ಹಾಕಿದ ಗೊಬ್ಬರ, ಕಡಿದ ದಿನ, ಕಾಸಿದ ದಿನ. ಮಂಡ್ಯದ ವಿ.ಸಿ. ಫಾರಂ ಕಬ್ಬಿನ ಸಂಶೋಧನೆಗೆ ಹೆಸರಾದ ಕೇಂದ್ರ. ಹಾಲನ್ನು ಹೆಪ್ಪುಗಟ್ಟಿಸಿ, ಬೆಲ್ಲವನ್ನು ಮೊಹರು ಮಾಡಿ, ಚೀಟಿಯನ್ನು ದಾಖಲೆಗೆ ಸೇರಿಸಿ ಕಾಪಾಡಲು ಅದಕ್ಕಿಂತ ತಕ್ಕ ಜಾಗ ಹುಡುಕಬೇಕಿಲ್ಲ.

ಆಲಿವ್ ಎಣ್ಣೆಯವರು ಗೆದ್ದಷ್ಟು ಗೆದ್ದದ್ದು ಹೀಗೆ ವರ್ಷವರ್ಷವೂ ಎತ್ತಿಟ್ಟ ಎಣ್ಣೆಯ ಬಾಟಲಿಗಳಿಂದ. ಪಾಲಹಳ್ಳಿಯ ಕಾರ್ಖಾನೆಗೆ ಬೆಲ್ಲ ಹಾಕಿದ ರೈತರ ಬೆಲ್ಲದ ಒಂದು ಚೂರೂ ಇವತ್ತು ಹೋಲಿಸಲು ಉಳಿದಿಲ್ಲ. ಈ ಹಂಗಾಮಿನ ಬೆಲ್ಲ ಇನ್ನೂ ಕೊಪ್ಪರಿಗೆಯಲ್ಲಿದೆ. ಅಚ್ಚಿಗೆ ಸುರಿಯುವ ಮುನ್ನ ಒಂದು ಕಿಲೋ ಪಕ್ಕಕ್ಕಿಡಿ, ಚೀಟಿ ಬರೆಯಿರಿ.